ಮೂರನೆಯವರ ಲೆಕ್ಕ: ‘ದಿ ಅಮೆರಿಕನ್ಸ್’ ಧಾರಾವಾಹಿಯೂ ಅದರ ವಿಮರ್ಶಕರೂ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಕಿರುತೆರೆಯ ಧಾರಾವಾಹಿಯೊಂದು ದತ್ತಿ ಉಪನ್ಯಾಸಕ್ಕೆ ತಕ್ಕ ವಿಷಯವೇ ಎಂಬ ಅನುಮಾನ ಕೆಲವರಿಗಾದರೂ ಇದ್ದೀತು. ಕಾದಂಬರಿ ಎಂಬ ಪ್ರಕಾರವೂ ಒಂದು ಕಾಲಕ್ಕೆ ಇದೇ ಅನುಮಾನವನ್ನು ದಾಟಿಯೇ ಬಂದದ್ದು ಎಂದಷ್ಟು ಹೇಳಿ ನೇರ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಎಫ್‌ಎಕ್ಸ್ ವಾಹಿನಿಯಲ್ಲಿ 2013ರ ಜನವರಿ 30ರಂದು ಶುರುವಾಗಿ 2018ರ ಮೇ 30ರಂದು ಮುಗಿದ ‘ದಿ ಅಮೆರಿಕನ್ಸ್’ ಆರು ಸೀಸನ್‌ಗಳ, 75 ಕಂತುಗಳ ಧಾರಾವಾಹಿ. ಕಥೆಯ ಕಾಲ 1981ರಿಂದ 1987. ಎಂದರೆ ರೇಗನ್ ಅಧ್ಯಕ್ಷರಾಗಿದ್ದ ಶೀತಲ ಸಮರದ ಕೊನೆಯ ಘಟ್ಟ. ವಾಷಿಂಗ್ಟನ್ ನಗರದ ಹೊರವಲಯದ ಫಾಲ್ಸ್ ಚರ್ಚ್‌ನಲ್ಲಿ ಫಿಲಿಪ್ ಮತ್ತು ಎಲಿಜಬೆತ್ ಜೆನ್ನಿಂಗ್ಸ್ ಎಂಬ ದಂಪತಿ ಟ್ರಾವೆಲ್ ಏಜೆನ್ಸಿ ನಡೆಸಿಕೊಂಡಿದ್ದಾರೆ. ಪೇಜ್ ಎಂಬ ಮಗಳು, ಹೆನ್ರಿ ಎಂಬ ಮಗ. ದಿಟದಲ್ಲಿ ಇಬ್ಬರೂ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಅಧಿಕಾರಿಗಳು; ಮದುವೆ ಮಾಡಿಸಿದ್ದೂ ಆ ಸಂಸ್ಥೆಯೇ. ತಮ್ಮ ತಮ್ಮ ಹುಟ್ಟೂರು, ಹಳೆಯ ಬದುಕು ಏನೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವಂತಿಲ್ಲ, ಮನೆಯೊಳಗೆ ರಷ್ಯನ್ ಮಾತಾಡುವಂತಿಲ್ಲ. ಎದುರು ಮನೆಗೆ ಬಂದು ಸೇರಿದ ಗೆಳೆಯ ಸ್ಟಾನ್ ಬೀಮನ್ ಎಫ್‌ಬಿಐನಲ್ಲಿ ಗೂಢಚಾರರನ್ನು ಹಿಡಿಯುವ ವಿಭಾಗದವನು. ಇದನ್ನು ಸೃಷ್ಟಿಸಿದ ಜೋ ವೈಸ್‌ಬರ್ಗ್ 1990ರ ದಶಕದ ಆರಂಭದಲ್ಲಿ ಸಿಐಎಯಲ್ಲಿ ಕೆಲಸ ಮಾಡಿದ್ದವರು. ಹಳೆಯ ಒಪ್ಪಂದದಂತೆ ಚಿತ್ರಕಥೆಗಳನ್ನು ಸಂಸ್ಥೆಯ ಪರಿಶೀಲನೆಗೆ ಕಳಿಸಬೇಕಾಗಿದ್ದವರು. 2010ರ ಜೂನ್‌ನಲ್ಲಿ ಅಮೆರಿಕದಲ್ಲಿ ಹತ್ತು ಮಂದಿ ರಷ್ಯನ್ ಗೂಢಚಾರರು ಸಿಕ್ಕಿಬಿದ್ದ ಸುದ್ದಿಯೇ ಈ ಕಥೆಗೆ ಬೀಜ.

ಧಾರಾವಾಹಿಯ ಬಗ್ಗೆ ಹೇಳಬೇಕಾದ್ದು ಬಹಳ ಇದೆ. ನಾನು ಇಂದು ಕೈಗೆತ್ತಿಕೊಂಡಿರುವುದು ಅದನ್ನು ವಿಮರ್ಶಕರು ಸ್ವೀಕರಿಸಿದ ಬಗೆಯನ್ನು. ಈ ಸ್ವೀಕಾರದ ಇತಿಹಾಸವೇ ಒಂದು ಸಮಸ್ಯೆಯಾಗಿ ಕಾಣುತ್ತದೆ. ಮೊದಲ ಕಂತನ್ನು 32 ಲಕ್ಷದಷ್ಟು ಮಂದಿ ನೋಡಿದರು. ಕೊನೆಯ ವರ್ಷಗಳಲ್ಲಿ ಪ್ರಸಾರದ ವೇಳೆಗೇ ಕೂತು ನೋಡುವವರು ಹತ್ತು ಲಕ್ಷಕ್ಕೂ ಕೆಳಗಿಳಿದರು. ಹೊಗಳಿಕೆ ಮಾತ್ರ ಇದಕ್ಕೆ ತದ್ವಿರುದ್ಧವಾಗಿ ಏರುತ್ತ ಹೋಯಿತು. ಪತ್ರಿಕಾ ವಿಮರ್ಶೆಗಳನ್ನು ಅಂಕಗಳಾಗಿ ಪರಿವರ್ತಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ಮೊದಲ ಸೀಸನ್ನಿಗೆ ನೂರಕ್ಕೆ 78 ಬಂದಿದ್ದರೆ ನಾಲ್ಕನೆಯದಕ್ಕೆ 95 ಬಂತು. ಎರಡು ಪೀಬಾಡಿ ಪ್ರಶಸ್ತಿ ಬಂತು. ಟೆಲಿವಿಷನ್ ವಿಮರ್ಶಕರ ಸಂಘ ಮತ್ತೆ ಮತ್ತೆ ಮನ್ನಣೆ ಕೊಟ್ಟಿತು. ಉದ್ಯಮದವರೇ ಮತ ಹಾಕುವ ಎಮ್ಮಿಯ ಶ್ರೇಷ್ಠ ಧಾರಾವಾಹಿ ವಿಭಾಗದಲ್ಲಿ ನಾಮನಿರ್ದೇಶನ ಸಿಕ್ಕಲು ಮಾತ್ರ 2016ರವರೆಗೆ, ಎಂದರೆ ನಾಲ್ಕನೆಯ ಸೀಸನ್ ಮುಗಿಯುವವರೆಗೆ ಕಾಯಬೇಕಾಯಿತು. 2018ರಲ್ಲಿ ಫಿಲಿಪ್ ಪಾತ್ರದ ಮ್ಯಾಥ್ಯೂ ರೀಸ್‌ಗೂ ಕೊನೆಯ ಕಂತಿನ ಬರವಣಿಗೆಗಾಗಿ ವೈಸ್‌ಬರ್ಗ್ ಮತ್ತು ಜೋಯೆಲ್ ಫೀಲ್ಡ್ಸ್ ಇಬ್ಬರಿಗೂ ಎಮ್ಮಿ ಬಂತು. ಮರುವರ್ಷದ ಜನವರಿಯಲ್ಲಿ ಧಾರಾವಾಹಿಗೆ ಗೋಲ್ಡನ್ ಗ್ಲೋಬ್. ಮೂರು ಬಾರಿ ನಾಮನಿರ್ದೇಶನಗೊಂಡೂ ಎಲಿಜಬೆತ್ ಪಾತ್ರದ ಕೆರಿ ರಸೆಲ್‌ಗೆ ಎಮ್ಮಿ ಬರಲಿಲ್ಲ. ಇಡೀ ಧಾರಾವಾಹಿಯ ಬೆನ್ನೆಲುಬು ಆಕೆಯ ಅಭಿನಯವೇ ಎಂದು ನಂಬಿರುವ ನನಗೆ ಅದು ಇವತ್ತಿಗೂ ಬಗೆಹರಿಯದ ಮಾತು. ಇರಲಿ. ನೋಡುಗರು ಕಡಿಮೆಯಾಗುತ್ತಿದ್ದಾಗಲೂ ಆರು ಸೀಸನ್ ಇದನ್ನು ಉಳಿಸಿದ್ದರಲ್ಲಿ ವಿಮರ್ಶಕರ ಪಾಲು ದೊಡ್ಡದು. ಹಾಗೆ ಉಳಿಸಿದವರು ಇದನ್ನು ಯಾವ ಸೂತ್ರ ಹಿಡಿದು ಓದಿದರು ಎಂಬುದು ನನ್ನ ಪ್ರಶ್ನೆ.

ಆ ಸೂತ್ರ ಎಲ್ಲರಿಗೂ ಗೊತ್ತಿರುವಂಥದೇ: ಇದು ಗೂಢಚಾರರ ಕಥೆಯಂತೆ ಕಂಡರೂ ನಿಜಕ್ಕೂ ದಾಂಪತ್ಯದ ಕಥೆ. ಎಲ್ಲ ಗಂಡ-ಹೆಂಡಿರೂ ಒಬ್ಬರಿಗೊಬ್ಬರು ಒಂದಿಷ್ಟು ವೇಷ ಹಾಕಿಕೊಂಡೇ ಬಾಳುತ್ತಾರೆ, ಎಲ್ಲ ತಂದೆತಾಯಿಯರೂ ಮಕ್ಕಳಿಂದ ಏನನ್ನೋ ಬಚ್ಚಿಡುತ್ತಾರೆ. ಕೆಜಿಬಿಯ ವಿಗ್ಗು, ಸುಳ್ಳು ಪಾಸ್‌ಪೋರ್ಟು, ಗುಪ್ತ ರೇಡಿಯೋಗಳೆಲ್ಲ ಈ ಸಾಮಾನ್ಯ ಸತ್ಯವನ್ನು ಹಿಗ್ಗಿಸಿ ತೋರಿಸುವ ರೂಪಕಗಳು ಎಂಬುದು ಆ ಓದಿನ ತಿರುಳು. ಇದಕ್ಕೆ ಪೀಠಿಕೆ ಮೊದಲೇ ಸಿದ್ಧವಿತ್ತು. 1999ರಲ್ಲಿ ಶುರುವಾದ ‘ದಿ ಸೊಪ್ರಾನೋಸ್’ ಮಾಫಿಯಾ ನಾಯಕನ ಅಪರಾಧವನ್ನೂ ಅವನ ಮನೆವಾರ್ತೆಯನ್ನೂ ಜೋಡಿಸಿ, ಮಗಳಿಗೆ ಕಾಲೇಜು ತೋರಿಸಲು ಹೋದ ಅಪ್ಪ ದಾರಿಯಲ್ಲಿ ಒಬ್ಬನನ್ನು ಕೊಂದು ಬರುವ ಕಂತಿನಿಂದ ಅಮೆರಿಕದ ಕಿರುತೆರೆ ವಿಮರ್ಶೆಗೆ ಹೊಸ ಶಬ್ದಕೋಶವನ್ನೇ ಒದಗಿಸಿತು. ‘ಬ್ರೇಕಿಂಗ್ ಬ್ಯಾಡ್’ ಅದೇ ದಾರಿಯಲ್ಲಿ ನಡೆಯಿತು. ಎರಡೂ ಕಡೆ ಎರಡು ಬಾಳು ಬಾಳುವವನು ಗಂಡ. ಹೆಂಡತಿ ಅಡ್ಡಗಾಲು ಹಾಕುವವಳು. ‘ಬ್ರೇಕಿಂಗ್ ಬ್ಯಾಡ್’ನ ಹೆಂಡತಿಯ ಪಾತ್ರವನ್ನು ನೋಡುಗರು ಎಷ್ಟು ದ್ವೇಷಿಸಿದರೆಂದರೆ, ಆ ಪಾತ್ರ ಮಾಡಿದ ಆನಾ ಗನ್ 2013ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅದನ್ನೇ ಕುರಿತು ಲೇಖನ ಬರೆಯಬೇಕಾಯಿತು. ಅದೇ ವರ್ಷ ಬಂದ ‘ದಿ ಅಮೆರಿಕನ್ಸ್’ ಈ ಜೋಡಣೆಯನ್ನು ತಿರುಗಿಸಿಬಿಟ್ಟಿತು. ಇಲ್ಲಿ ಇಬ್ಬರೂ ಗುಟ್ಟಿನೊಳಗೇ ಇದ್ದಾರೆ. ಸಿದ್ಧಾಂತಕ್ಕೆ ಕಟ್ಟುಬಿದ್ದ ಗಟ್ಟಿ ಜೀವ ಹೆಂಡತಿಯದು, ಮಾಲು-ಕಾರು-ಸಂಗೀತಗಳ ಅಮೆರಿಕ ಹಿಡಿಸಿಬಿಟ್ಟಿರುವುದು ಗಂಡನಿಗೆ. ಮೊದಲ ಕಂತಿನಲ್ಲಿಯೇ ಪಕ್ಷಾಂತರ ಮಾಡಿಬಿಡೋಣವೇ ಎಂದು ಕೇಳುವವನು ಅವನು. ದಾಂಪತ್ಯವೆಂಬ ಸೂತ್ರ ಈ ಹೊಸತನವನ್ನು ಸರಿಯಾಗಿ ಗುರುತಿಸಿತು. ಹದಿನೈದು ವರ್ಷ ಕೂಡಿ ಬಾಳಿದ ಮೇಲೆ, ಎರಡು ಮಕ್ಕಳಾದ ಮೇಲೆ ಇಬ್ಬರು ಪ್ರೀತಿಸಲು ತೊಡಗುವ ವಿಚಿತ್ರ ಕ್ರಮವನ್ನು ಬಿಡಿಸಿ ತೋರಿಸಿತು. ಆದ್ದರಿಂದ ಈ ಓದು ತಪ್ಪೆಂದು ನಾನು ವಾದಿಸುವುದಿಲ್ಲ. ಅದು ಧಾರಾವಾಹಿಗೆ ಗೌರವ ಸಂಪಾದಿಸಿಕೊಟ್ಟಿತು, ಆ ಗೌರವದ ಭರದಲ್ಲಿ ಅದರ ಅತ್ಯಂತ ಕಠಿಣವಾದ ಭಾಗವನ್ನು ಕಾಣದಂತೆ ಮಾಡಿತು ಎಂಬುದು ನನ್ನ ವಾದ. ಎರಡು ಬಾಳು ಬಾಳುವವರಿಗೆ ಆ ಬಾಳು ಎಷ್ಟು ಭಾರ ಎಂಬುದನ್ನು ವಿಮರ್ಶಕರು ಅಳೆದರು. ಅದರ ಖರ್ಚು ಯಾವ ಮೂರನೆಯವರ ಹೆಸರಿಗೆ ಬೀಳುತ್ತದೆ ಎಂಬುದನ್ನು ಧಾರಾವಾಹಿ ಕಂತು ಕಂತಾಗಿ ಬರೆದಿಟ್ಟಿತ್ತು.

ಮಾರ್ತಾ ಹ್ಯಾನ್ಸನ್‌ಳನ್ನು ತೆಗೆದುಕೊಳ್ಳಿ. ಎಫ್‌ಬಿಐ ಕಚೇರಿಯ ಒಬ್ಬ ಮೇಲಧಿಕಾರಿಯ ಕಾರ್ಯದರ್ಶಿ. ಮದುವೆಯ ವಯಸ್ಸು ಮೀರುತ್ತಿದೆ ಎಂಬ ಅಳುಕಿನ, ಕೆಲಸದಲ್ಲಿ ಚೊಕ್ಕವಾದ ಹೆಂಗಸು. ಫಿಲಿಪ್ ಅವಳ ಬಳಿಗೆ ‘ಕ್ಲಾರ್ಕ್’ ಎಂಬ ಸರ್ಕಾರಿ ತನಿಖಾಧಿಕಾರಿಯಾಗಿ, ಕನ್ನಡಕ ಮತ್ತು ಕೃತಕ ಕೂದಲಿನಲ್ಲಿ ಬರುತ್ತಾನೆ. ಮೊದಲ ಸೀಸನ್ನಿನ ಕೊನೆಗೆ ಅವಳನ್ನು ಮದುವೆಯೇ ಆಗುತ್ತಾನೆ. ಅವಳ ಕೈಯಿಂದಲೇ ಅಧಿಕಾರಿಯ ಮೇಜಿಗೆ ಕದ್ದು ಕೇಳುವ ಯಂತ್ರ ಅಡಗಿರುವ ಪೆನ್ನು ಸೇರುತ್ತದೆ. ಗುಟ್ಟು ಬಯಲಾಗುವ ಹೊತ್ತಿಗೆ, ನಾಲ್ಕನೆಯ ಸೀಸನ್ನಿನಲ್ಲಿ, ಅವಳನ್ನು ವಿಮಾನ ಹತ್ತಿಸಿ ಸೋವಿಯತ್ ನಾಡಿಗೆ ಸಾಗಹಾಕುತ್ತಾರೆ. ಭಾಷೆ ಬಾರದ ಊರಿನಲ್ಲಿ, ಮಾಡದ ಆಯ್ಕೆಯ ಫಲ ಉಣ್ಣುತ್ತ ಅವಳು ಉಳಿಯುತ್ತಾಳೆ. ಅಮೆರಿಕದ ನೋಡುಗರ ನಡುವೆ ‘ಪಾಪ, ಮಾರ್ತಾ’ ಎಂಬುದು ಒಂದು ನುಡಿಗಟ್ಟೇ ಆಗಿಹೋಯಿತು. ಅದರಲ್ಲಿ ಮರುಕ ಎಷ್ಟಿತ್ತೋ ಮುಗುಳ್ನಗೆಯೂ ಅಷ್ಟೇ ಇತ್ತು. ವಿಮರ್ಶೆಯಲ್ಲಿಯೂ ಆಲಿಸನ್ ರೈಟ್ ಅಭಿನಯಕ್ಕೆ ಧಾರಾಳ ಪ್ರಶಂಸೆ ಬಂತು. ಆದರೆ ಆಕೆಯ ಕಥೆಯನ್ನು ಓದಿದ್ದು ಬಹುಮಟ್ಟಿಗೆ ಫಿಲಿಪ್‌ನ ಅಂತರಂಗದ ಅಳತೆಗೋಲಾಗಿ: ಅವನು ಎಷ್ಟು ದಣಿದಿದ್ದಾನೆ, ಎಲಿಜಬೆತ್‌ಗೆ ಎಷ್ಟು ಅಸೂಯೆ, ಈ ಎರಡನೆಯ ಮದುವೆಯಿಂದ ಮೊದಲನೆಯದಕ್ಕೆ ಏನಾಯಿತು ಎಂದು. ದಾಂಪತ್ಯದ ಕಥೆ ಎಂಬ ಸೂತ್ರವನ್ನೇ ಪ್ರಾಮಾಣಿಕವಾಗಿ ಅನ್ವಯಿಸುವುದಾದರೆ ಧಾರಾವಾಹಿಯಲ್ಲಿ ದಾಂಪತ್ಯಗಳು ಎರಡಿವೆ. ಎರಡನೆಯದರಲ್ಲಿ ಒಬ್ಬಳಿಗೆ ಮಾತ್ರ ಅದು ದಾಂಪತ್ಯ.

ಇದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದು. ಬಲಿಯಾದವರ ದೃಶ್ಯಗಳನ್ನು ವಿಮರ್ಶಕರು ಗಮನಿಸಲೇ ಇಲ್ಲವೇ? ಗಮನಿಸಿದರು, ಬಾಯ್ತುಂಬ ಹೊಗಳಿದರು. 2015ರ ಮೂರನೆಯ ಸೀಸನ್ನಿನ ಒಂಬತ್ತನೆಯ ಕಂತು ಇದಕ್ಕೆ ಒಳ್ಳೆಯ ಪರೀಕ್ಷೆ. ಎಫ್‌ಬಿಐ ಕಚೇರಿಯಲ್ಲಿ ಕಾಗದಪತ್ರ ಹಂಚುವ ಯಂತ್ರವೊಂದು ದುರಸ್ತಿಗೆಂದು ಒಂದು ಅಂಗಡಿಗೆ ಬಂದಿದೆ. ರಾತ್ರಿ ಅದರೊಳಗೆ ಕದ್ದು ಕೇಳುವ ಉಪಕರಣ ಇಡಲು ಹೋದ ಎಲಿಜಬೆತ್‌ಗೆ ಅಲ್ಲಿ ಲೆಕ್ಕ ಬರೆಯುತ್ತ ಕುಳಿತ ಬೆಟ್ಟಿ ಎಂಬ ಮುದುಕಿ ಎದುರಾಗುತ್ತಾಳೆ. ಲೋಯಿಸ್ ಸ್ಮಿತ್ ಎಂಬ ಹಿರಿಯ ನಟಿಯ ಪಾತ್ರ. ಸಾಕ್ಷಿಯನ್ನು ಉಳಿಸುವಂತಿಲ್ಲ. ಹೊಡೆಯದೆ, ಇರಿಯದೆ, ಅವಳ ಔಷಧಿಯ ಮಾತ್ರೆಗಳನ್ನೇ ಅವಳಿಗೆ ನುಂಗಿಸಿ, ಪ್ರಾಣ ಹೋಗುವವರೆಗೆ ಎದುರಿಗೆ ಕುಳಿತು ಎಲಿಜಬೆತ್ ಮಾತಾಡುತ್ತಾಳೆ. ತೀರಿಹೋದ ಗಂಡ, ಯುದ್ಧ, ಮಗ, ದುಡಿಮೆ ಎಲ್ಲವೂ ಆ ಮಾತಿನಲ್ಲಿ ಬರುತ್ತವೆ. ಇದನ್ನೆಲ್ಲ ಮಾಡುವುದರಿಂದ ಲೋಕಕ್ಕೆ ಒಳ್ಳೆಯದಾಗುತ್ತದೆ ಎಂದುಕೊಂಡಿದ್ದೀಯಾ ಎಂದು ಮುದುಕಿ ಕೇಳುತ್ತಾಳೆ, ಹೌದೆನ್ನುತ್ತಾಳೆ ಎಲಿಜಬೆತ್, ಕೇಡು ಮಾಡುವವರೆಲ್ಲ ತಮಗೆ ತಾವೇ ಹೇಳಿಕೊಳ್ಳುವುದು ಅದನ್ನೇ ಎಂಬರ್ಥದ ಉತ್ತರ ಬರುತ್ತದೆ. ಧಾರಾವಾಹಿಯ ಶಿಖರಗಳಲ್ಲಿ ಇದೊಂದು ಎಂದು ಬಹಳ ಮಂದಿ ಬರೆದರು. ಆದರೆ ಯಾಕಾಗಿ ಶಿಖರ? ಎಲಿಜಬೆತ್‌ಳ ಕವಚದಲ್ಲಿ ಮೊದಲ ಬಿರುಕು ಕಾಣಿಸಿತು, ಸಾಯುತ್ತಿರುವ ತನ್ನ ತಾಯಿ ಅವಳಿಗೆ ಆ ಮುದುಕಿಯಲ್ಲಿ ಕಂಡಳು ಎಂಬ ಕಾರಣಕ್ಕಾಗಿ. ಎಂದರೆ ಬೆಟ್ಟಿ ಕೊಲೆಗಾತಿಯ ಬೆಳವಣಿಗೆಗೆ ಒದಗಿಬಂದ ಸಂದರ್ಭವಾದಳು. ಧಾರಾವಾಹಿ ಮಾಡಿದ್ದು ಬೇರೆಯೇ. ಒಂದೇ ಒಂದು ಕಂತಿಗೆ ಬಂದುಹೋಗುವ ಹೆಂಗಸಿಗೆ ಒಂದು ಇಡೀ ಬದುಕನ್ನು, ತನ್ನ ಸಾವಿನ ಬಗ್ಗೆ ತೀರ್ಪು ಕೊಡುವ ಅಧಿಕಾರವನ್ನು, ಕಂತಿನ ಗಣನೀಯ ವೇಳೆಯನ್ನು ಅದು ಬಿಟ್ಟುಕೊಟ್ಟಿತು. ಕಿರುತೆರೆಯಲ್ಲಿ ವೇಳೆಯೇ ಹಣ. ಯಾರಿಗೆ ಎಷ್ಟು ನಿಮಿಷ ಎಂಬುದರಲ್ಲಿ ಬರಹಗಾರನ ನೈತಿಕ ನಿಲುವು ಅವನ ಸಂದರ್ಶನಗಳಿಗಿಂತ ಸ್ಪಷ್ಟವಾಗಿರುತ್ತದೆ. ಮಾರ್ತಾಳನ್ನು ಉಳಿಸಲೆಂದು ಫಿಲಿಪ್ ಕೊಂದು, ಆತ್ಮಹತ್ಯೆಯಂತೆ ತೋರಿಸಿದ ಎಫ್‌ಬಿಐನ ಗಣಕ ತಂತ್ರಜ್ಞ ಜೀನ್‌ನ ಮನೆಯಲ್ಲಿ ಆಟಿಕೆಗಳಿದ್ದವು ಎಂಬುದನ್ನೂ ಕ್ಯಾಮೆರಾ ಬಿಡದೆ ತೋರಿಸುತ್ತದೆ. ಸೂಟ್‌ಕೇಸಿಗೆ ಹಿಡಿಸಲೆಂದು ಮೂಳೆ ಮುರಿದು ಮಡಚಿದ ಹೆಣ್ಣಿನ ದೇಹದ ದೃಶ್ಯ ಅಷ್ಟು ದೀರ್ಘವಾಗಿ ಇರುವುದೂ ಇದಕ್ಕಾಗಿಯೇ. ಅದು ಸಹಿಸಲಾಗದ ದೃಶ್ಯ, ಹಾಗೆ ಆಗಬೇಕೆಂದೇ ಚಿತ್ರಿಸಿದ್ದು.

ಮನೆ ಎಂಬುದು ಗೂಢಚಾರನಿಗೆ ರೂಪಕವಲ್ಲ, ಉಪಕರಣ. ಇದನ್ನು ಹಾಲಿವುಡ್ ಕಂಡುಹಿಡಿಯಬೇಕಾಗಿರಲಿಲ್ಲ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲಿಯೇ ಗೂಢಪುರುಷರ ವರ್ಗಗಳು ಬರುತ್ತವೆ. ಊರೂರು ಅಲೆಯುವವರು ಒಂದು ಬಗೆ. ಒಂದೆಡೆ ನೆಲೆನಿಂತವರು ಇನ್ನೊಂದು. ನೆಲೆನಿಂತವರಲ್ಲಿ ಗೃಹಸ್ಥನ ವೇಷದವನು ಒಬ್ಬ, ವರ್ತಕನ ವೇಷದವನು ಇನ್ನೊಬ್ಬ. ಕಸುಬು ಕೆಟ್ಟ ಒಕ್ಕಲಿಗನನ್ನೋ ವ್ಯಾಪಾರಿಯನ್ನೋ ಹುಡುಕಿ, ಅವನಿಗೆ ಮತ್ತೆ ಕಸುಬು ಕಟ್ಟಿಕೊಟ್ಟು, ಅದರ ಆದಾಯದಲ್ಲಿ ಉಳಿದ ಚಾರರಿಗೆ ಅನ್ನ-ಬಟ್ಟೆ-ನೆಲೆ ನಡೆಯುವಂತೆ ಮಾಡಬೇಕೆಂಬ ಲೆಕ್ಕಾಚಾರ ಅಲ್ಲಿದೆ. ಫಾಲ್ಸ್ ಚರ್ಚ್‌ನ ದಂಪತಿಯ ಟ್ರಾವೆಲ್ ಏಜೆನ್ಸಿ ಆ ಪಟ್ಟಿಯಲ್ಲಿ ತಾನಾಗಿ ಕೂರುತ್ತದೆ. ಇನ್ನೂ ಮುಖ್ಯವಾದದ್ದು ಮುಂದಿನ ಅಧ್ಯಾಯದಲ್ಲಿ ಬರುವ ಉಭಯವೇತನರ ಮಾತು. ಶತ್ರುವಿನ ಆಸ್ಥಾನದಲ್ಲಿ ಸಂಬಳಕ್ಕೆ ಸೇರಿ ನಮ್ಮ ಕೆಲಸ ಮಾಡುವವರು ಅವರು. ಅವರನ್ನು ಕಳಿಸುವ ಮೊದಲು ಅವರ ಹೆಂಡತಿ-ಮಕ್ಕಳನ್ನು ರಾಜ ತನ್ನ ವಶದಲ್ಲಿಟ್ಟುಕೊಳ್ಳಬೇಕು. ಕೌಟಿಲ್ಯನಲ್ಲಿ ಸಂಸಾರ ಎಂಬುದು ಚಾರನ ಅಂತರಂಗದ ಕನ್ನಡಿಯಲ್ಲ, ಒತ್ತೆ. ಕೆಜಿಬಿ ಈ ದಂಪತಿಗೆ ಮಕ್ಕಳಾಗಬೇಕೆಂದು ಬಯಸಿದ್ದು ಮರೆಮಾಚುವ ಸಾಧನವಾಗಿ; ಆಮೇಲೆ ಅದೇ ಸಂಸ್ಥೆ ಮಗಳನ್ನೂ ಕೆಲಸಕ್ಕೆ ಕೊಡಿ ಎಂದು ಕೇಳಿತು. ಸ್ಟಾನ್ ಬೀಮನ್ ಬ್ಲ್ಯಾಕ್‌ಮೇಲ್ ಮಾಡಿ ಉಭಯವೇತನಳನ್ನಾಗಿಸಿದ ಸೋವಿಯತ್ ರಾಯಭಾರ ಕಚೇರಿಯ ನೀನಾ, ಎರಡೂ ಕಡೆಗೆ ಬೇಡವಾಗಿ, 2016ರ ಒಂದು ಕಂತಿನಲ್ಲಿ ಸೆರೆಮನೆಯ ಓಣಿಯಲ್ಲಿ ತೀರ್ಪು ಓದಿದ ಮರುಕ್ಷಣವೇ ಗುಂಡಿಗೆ ಬಲಿಯಾಗುತ್ತಾಳೆ. ಸೋವಿಯತ್ ಗಂಡ-ಹೆಂಡಿರಷ್ಟೇ ಅಲ್ಲ, ಅಮೆರಿಕದ ಒಳ್ಳೆಯ ನೆರೆಯವನೂ ಮೂರನೆಯವರ ಲೆಕ್ಕದಲ್ಲಿಯೇ ಬಾಳುತ್ತಾನೆ ಎಂಬುದನ್ನು ಕಥೆ ಮರೆಯಲು ಬಿಡುವುದಿಲ್ಲ.

ಎರಡನೆಯ ಆಕ್ಷೇಪ: ಇದು ದಾಂಪತ್ಯದ ಕಥೆ ಎಂದು ಸ್ವತಃ ವೈಸ್‌ಬರ್ಗ್ ಮತ್ತು ಫೀಲ್ಡ್ಸ್ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ, ವಿಮರ್ಶಕರನ್ನು ದೂರಿ ಫಲವೇನು? ಹೇಳಿದ್ದು ದಿಟ. ಕೆಜಿಬಿ ಕೊಲೆಗಾರರನ್ನು ನಾಯಕ-ನಾಯಕಿಯರನ್ನಾಗಿ ಮಾಡಿ ಅಮೆರಿಕನ್ ವಾಹಿನಿಗೆ ಮಾರಬೇಕಾದವರು ಇನ್ನೇನು ಹೇಳಿಯಾರು? ಹಾಗಂತ ಅದು ಬರೀ ವ್ಯಾಪಾರದ ಮಾತು ಎಂದೂ ಅಲ್ಲ. ಬರೆಯುವಾಗ ಯಾವುದನ್ನು ಹಿಡಿದುಕೊಂಡು ಹೊರಟೆವು ಎಂಬುದರ ವಿವರಣೆ ಅದು. ಬರಹಗಾರ ಹಿಡಿದು ಹೊರಟ ದಾರಿಯೂ ಕೃತಿ ತಲುಪಿದ ಜಾಗವೂ ಒಂದೇ ಆಗಿರಬೇಕಾಗಿಲ್ಲ ಎಂಬುದನ್ನು ಕನ್ನಡ ವಿಮರ್ಶೆಗೆ ಹೊಸದಾಗಿ ಹೇಳಬೇಕಾಗಿಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಬಲವಾದದ್ದು, ಇಷ್ಟು ಸುಲಭವಾಗಿ ತಳ್ಳಿಹಾಕುವಂಥದಲ್ಲ. ದಾಂಪತ್ಯದ ಓದೇ ಈ ಧಾರಾವಾಹಿಯ ರಾಜಕೀಯ ಸಾಧನೆ ಎನ್ನುತ್ತದೆ ಅದು. ಶತ್ರುವಿನ ಮನೆಯೊಳಗೆ ಕರೆದೊಯ್ದು, ಅವರ ಬೆಳಗಿನ ತಿಂಡಿ, ಮಕ್ಕಳ ಹಟ, ಸಾಲದ ಚಿಂತೆಗಳನ್ನು ತೋರಿಸಿ, ಅಮೆರಿಕನ್ ನೋಡುಗ ತನ್ನದೇ ಎಫ್‌ಬಿಐ ಸೋಲಲಿ ಎಂದು ಹಾರೈಸುವಂತೆ ಮಾಡುವುದು ಸಣ್ಣ ಕೆಲಸವೇ? ಸಣ್ಣದಲ್ಲ. ವೈಸ್‌ಬರ್ಗ್‌ಗೆ ಈ ಉದ್ದೇಶ ನಿಜಕ್ಕೂ ಇತ್ತು. ಶೀತಲ ಸಮರದ ಕಾಲದ ತಮ್ಮ ರಷ್ಯಾ-ಕಲ್ಪನೆಯನ್ನು ಮರುಪರಿಶೀಲಿಸಿ 2021ರಲ್ಲಿ ಅವರು ಒಂದು ಪುಸ್ತಕವನ್ನೇ ಬರೆದರು. ರಷ್ಯನ್ ಪಾತ್ರಗಳು ತಮ್ಮೊಳಗೆ ರಷ್ಯನ್ನನ್ನೇ ಆಡುವುದು, ಆ ಸಂಭಾಷಣೆಯ ಅನುವಾದಕ್ಕೆ ಮಾಷಾ ಗೆಸ್ಸೆನ್‌ರಂಥ ಲೇಖಕರನ್ನು ನೇಮಿಸಿಕೊಂಡದ್ದು, ಎಲ್ಲವೂ ಆ ಗಂಭೀರತೆಗೆ ಸಾಕ್ಷಿ. ‘ಹೋಮ್‌ಲ್ಯಾಂಡ್’ ಧಾರಾವಾಹಿಯ ಜೊತೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ: 2015ರಲ್ಲಿ ಅದರ ಸೆಟ್ಟಿಗೆ ಅರಬ್ಬಿ ಗೋಡೆಬರಹ ಬರೆಯಲು ಕರೆದ ಕಲಾವಿದರು ಧಾರಾವಾಹಿಯೇ ಜನಾಂಗದ್ವೇಷಿ ಎಂದು ಬರೆದುಹೋದರು, ಓದಬಲ್ಲವರು ತಂಡದಲ್ಲಿ ಯಾರೂ ಇಲ್ಲದ್ದರಿಂದ ಅದು ಹಾಗೇ ಪ್ರಸಾರವಾಯಿತು. ಆದರೂ ಈ ಆಕ್ಷೇಪಕ್ಕೆ ಉತ್ತರವಿದೆ. ಫಿಲಿಪ್-ಎಲಿಜಬೆತ್ ಮೇಲೆ ಹುಟ್ಟುವ ಅನುಕಂಪ, ಅವರು ನೋಡುಗನಂತೆಯೇ ಇದ್ದಾರೆ ಎಂಬ ಕಾರಣಕ್ಕೆ ಹುಟ್ಟುವ ಅನುಕಂಪ: ಹುಲ್ಲುಹಾಸಿನ ಮನೆ, ಗ್ಯಾರೇಜು, ಇಬ್ಬರು ಮಕ್ಕಳು, ಲೋಪವಿಲ್ಲದ ಇಂಗ್ಲಿಷು. ಇದೇ ಕಥೆಯಲ್ಲಿ ಬರುವ ನಿಕರಾಗುವಾದವರು, ಆಫ್ಘನ್ನರು, ವರ್ಣಭೇದದ ವಿರುದ್ಧ ಹೋರಾಡುವ ದಕ್ಷಿಣ ಆಫ್ರಿಕನ್ನರು ಹಾಗೆ ಇಲ್ಲ. ದಾಂಪತ್ಯದ ಸೂತ್ರದಲ್ಲಿ ಅವರಿಗೆ ಕೂರಲು ಜಾಗವೇ ಇಲ್ಲ. 2014ರಲ್ಲಿ, ಅಮೆರಿಕ ಬೆಂಬಲಿಸಿದ ಕೊಂತ್ರಾ ದಂಗೆಕೋರರ ತರಬೇತಿ ಶಿಬಿರದ ಕುರಿತ ಕಂತಿಗೆ, ಅದೇ ಕೊಂತ್ರಾ ಹಗರಣದ ಕೇಂದ್ರದಲ್ಲಿದ್ದ ಆಲಿವರ್ ನಾರ್ತ್ ಅವರನ್ನು ಸಲಹೆಗಾರರನ್ನಾಗಿ ಕರೆದು, ಕಥೆಯ ಶ್ರೇಯವನ್ನೂ ಹಂಚಿಕೊಟ್ಟರು. ಕೆಲವರು ಹುಬ್ಬೇರಿಸಿದರು, ಕೆಲವರಿಗೆ ಅದು ತಮಾಷೆಯ ಸಂಗತಿಯಾಯಿತು. ಗಂಡ-ಹೆಂಡಿರ ಕಥೆಯಲ್ಲಿ ಶಿಬಿರ ಬರೀ ಹಿನ್ನೆಲೆಯಾದರೆ, ಹಿನ್ನೆಲೆಯ ಪರದೆ ಬರೆದವರು ಯಾರೆಂದು ಯಾರೂ ಕೇಳುವುದಿಲ್ಲ. 2014ರಲ್ಲಿ ರಷ್ಯಾ ಕ್ರೈಮಿಯಾವನ್ನು ವಶಪಡಿಸಿಕೊಂಡದ್ದು, 2016ರಲ್ಲಿ ಅಮೆರಿಕದ ಚುನಾವಣೆಯಲ್ಲಿ ಅದರ ಹಸ್ತಕ್ಷೇಪ, ಇವುಗಳಾದ ಮೇಲೆ ರಾಜಕೀಯವು ವಿಮರ್ಶೆಗೆ ಮರಳಿತು ನಿಜ. ಆದರೆ ಭವಿಷ್ಯ ನುಡಿದ ಧಾರಾವಾಹಿ ಎಂಬ ಮೆಚ್ಚುಗೆಯಾಗಿ ಮರಳಿತು. ಅದಕ್ಕಿಂತ ದಾಂಪತ್ಯದ ಓದೇ ವಾಸಿ.

ಮೂರನೆಯವರ ಜಾಗದಲ್ಲಿ ನಿಂತವರೇ ನೋಡುಗರಾದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ ಒಂದು ಉದಾಹರಣೆ ಸಾಕು. ರಾಜ್ ಮತ್ತು ಡಿಕೆ ಅವರ ‘ದಿ ಫ್ಯಾಮಿಲಿ ಮ್ಯಾನ್’ 2019ರಲ್ಲಿ ಬಂದಾಗ ಅದನ್ನು ಮೆಚ್ಚಿದ್ದು ಮನೆಯ ಸಾಲ, ಮುನಿದ ಹೆಂಡತಿ, ಮಾತು ಕೇಳದ ಮಕ್ಕಳ ನಡುವೆ ಸಿಕ್ಕ ಗೂಢಚಾರನ ಹಾಸ್ಯಕ್ಕಾಗಿ. ಅದೇ ಸೂತ್ರ, ಭಾರತೀಯ ಮಧ್ಯಮವರ್ಗದ ವೇಷದಲ್ಲಿ. 2021ರಲ್ಲಿ ಎರಡನೆಯ ಸೀಸನ್ನಿನ ಟ್ರೈಲರ್ ಬಂದಾಗ ತಮಿಳುನಾಡು ಸರ್ಕಾರ ಈಳಂ ತಮಿಳರ ಚಿತ್ರಣವನ್ನು ಆಕ್ಷೇಪಿಸಿ ಅದನ್ನು ತಡೆಯಬೇಕೆಂದು ಕೇಂದ್ರಕ್ಕೆ ಪತ್ರ ಬರೆಯಿತು. ನಿಷೇಧದ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಟ್ರೈಲರ್ ನೋಡಿ ಕೃತಿಯನ್ನು ಅಳೆಯುವುದೂ ಸರಿಯಲ್ಲ. ಆದರೆ ಆ ಪತ್ರದ ಹಿಂದಿನ ಓದುಗನಿಗೆ ನಾಯಕ ಶ್ರೀಕಾಂತ್ ತಿವಾರಿಯ ಸಂಸಾರ ಕಥೆಯ ಕೇಂದ್ರವಾಗಿರಲಿಲ್ಲ ಎಂಬುದು ಗಮನಿಸತಕ್ಕದ್ದು. ಬೆಟ್ಟಿಯ ಮಗನೋ ನೀನಾಳ ಬಳಗವೋ ವಿಮರ್ಶೆ ಬರೆದಿದ್ದರೆ ‘ದಿ ಅಮೆರಿಕನ್ಸ್’ ಕೂಡ ಬೇರೆ ಪ್ರಕಾರದ ಕೃತಿಯಾಗಿ ದಾಖಲಾಗುತ್ತಿತ್ತು.

2017ರ ಐದನೆಯ ಸೀಸನ್ ಈ ವಾದದ ನಿಕಷ. ಮೆಟಾಕ್ರಿಟಿಕ್‌ನಲ್ಲಿ ಅದಕ್ಕೂ 94 ಅಂಕವಿದೆ. ಆದರೆ ಅದು ಮುಂಗಡವಾಗಿ ಕಳಿಸಿದ ಮೊದಲ ಕೆಲವು ಕಂತುಗಳನ್ನು ನೋಡಿ ಬರೆದ ವಿಮರ್ಶೆಗಳ ಸರಾಸರಿ. ಸೀಸನ್ ಸಾಗಿದಂತೆ ಅಭಿಮಾನಿ ವಿಮರ್ಶಕರೇ ಗೊಣಗತೊಡಗಿದರು: ನಿಧಾನ, ಏನೂ ನಡೆಯುತ್ತಿಲ್ಲ, ದಂಪತಿಯ ನಡುವೆ ಹೊಸ ಬಿಕ್ಕಟ್ಟಿಲ್ಲ. ಮೊದಲ ಕಂತಿನ ಕೊನೆಗೆ ರಾತ್ರಿಯಲ್ಲಿ ನಾಲ್ಕಾರು ಮಂದಿ ಹಾರೆ-ಸಲಿಕೆ ಹಿಡಿದು, ಸೋಂಕಿನಿಂದ ಸತ್ತ ಒಬ್ಬ ಚಾರನ ಹೆಣಕ್ಕಾಗಿ ಗುಂಡಿ ತೋಡುವ ದೃಶ್ಯವಿದೆ. ಮಾತಿಲ್ಲದೆ, ಆತುರವಿಲ್ಲದೆ, ನಿಮಿಷಗಟ್ಟಲೆ. ಸಾಹಸ ಎಂದು ನಾವು ಅಂದುಕೊಂಡದ್ದು ಕೂಲಿ ಎಂದು ತೋರಿಸುವ ದೃಶ್ಯ ಅದು. ಮುಂದಿನ ಕಥೆ ಗೋಧಿಯದು. ಸೋವಿಯತ್ ಬೆಳೆಯನ್ನು ಹಾಳುಮಾಡಲು ಅಮೆರಿಕ ಕೀಟ ಬೆಳೆಸುತ್ತಿದೆ ಎಂದು ಶಂಕಿಸಿ ಇಬ್ಬರೂ ಒಂದು ಪ್ರಯೋಗಾಲಯಕ್ಕೆ ನುಗ್ಗುತ್ತಾರೆ, ಅಲ್ಲಿ ಸಿಕ್ಕ ಕೆಲಸಗಾರನನ್ನು ಕೊಲ್ಲುತ್ತಾರೆ. ಆಮೇಲೆ ತಿಳಿಯುತ್ತದೆ, ಅಲ್ಲಿ ನಡೆಯುತ್ತಿದ್ದದ್ದು ಕೀಟ ತಡೆಯಬಲ್ಲ, ಜಗತ್ತಿನ ಹಸಿವು ನೀಗಿಸಬಲ್ಲ ಗೋಧಿಯ ಸಂಶೋಧನೆ. ಸತ್ತವನು ಯಾವ ಕಾರಣಕ್ಕೂ ಅಲ್ಲದೆ ಸತ್ತ. ಬೇಹುಗಾರಿಕೆಯ ಕಥೆಗಳಲ್ಲಿ ಕೊಲೆಗೆ ಯಾವಾಗಲೂ ಒಂದು ಗುರಿ ಇರುತ್ತದೆ. ಅದೇ ಕಿತ್ತುಹೋದಾಗ ಉಳಿಯುವುದನ್ನು ಈ ಸೀಸನ್ ನೋಡಿಸುತ್ತದೆ. ನಿಧಾನವಾಯಿತು ಎಂಬ ದೂರಿನಲ್ಲಿ ಹುರುಳಿಲ್ಲ ಎನ್ನಲಾರೆ. ಮಾಸ್ಕೋದ ಅಂಗಡಿ ಸರಬರಾಜಿನ ಭ್ರಷ್ಟಾಚಾರದ ಉಪಕಥೆ ನನಗೂ ಎಳೆದಂತೆ ಕಾಣುತ್ತದೆ. ಆದರೆ ಏನೂ ನಡೆಯುತ್ತಿಲ್ಲ ಎಂಬ ಮಾತು ದಾಂಪತ್ಯವೊಂದೇ ಘಟನೆ ಎಂದು ನಂಬಿದವರಿಗೆ ಮಾತ್ರ ಬರುವಂಥದು.

ಕೊನೆಯ ಕಂತಿಗೆ ಬರೋಣ. ಗುಟ್ಟು ಬಯಲಾಗಿದೆ. ವಾಹನ ನಿಲ್ದಾಣದ ನೆಲಮಾಳಿಗೆಯಲ್ಲಿ ಸ್ಟಾನ್ ಪಿಸ್ತೂಲು ಹಿಡಿದು ಗೆಳೆಯನ ಕುಟುಂಬವನ್ನು ಎದುರಿಸುತ್ತಾನೆ, ದೀರ್ಘ ಮಾತಿನ ನಂತರ ಹೋಗಲು ಬಿಡುತ್ತಾನೆ. ಶಾಲೆಯ ಹಾಸ್ಟೆಲಿನಲ್ಲಿರುವ ಹೆನ್ರಿಗೆ ಏನೂ ಗೊತ್ತಿಲ್ಲ. ಅವನನ್ನು ಬಿಟ್ಟೇ ಹೊರಡುತ್ತಾರೆ. ಕೆನಡಾ ಗಡಿಯ ಬಳಿ ರೈಲು ನಿಂತಾಗ ಪೇಜ್ ಹೇಳದೆ ಕೇಳದೆ ಇಳಿದುಬಿಡುತ್ತಾಳೆ. ಗಂಡ-ಹೆಂಡತಿ ಮಾಸ್ಕೋ ತಲುಪುತ್ತಾರೆ. ಕಿರುತೆರೆ ಕಂಡ ಅತ್ಯುತ್ತಮ ಮುಕ್ತಾಯಗಳಲ್ಲಿ ಇದೊಂದು ಎಂದು ಬಹುತೇಕ ಎಲ್ಲರೂ ಒಪ್ಪಿದರು, ಎಲ್ಲರೂ ಇದನ್ನು ದುರಂತವೆಂದೇ ಕರೆದರು. ಸ್ವಲ್ಪ ನಿಂತು ಯೋಚಿಸಬೇಕು. ಇದು ದಾಂಪತ್ಯದ ಕಥೆಯೇ ಆಗಿದ್ದರೆ ಇದಕ್ಕಿಂತ ಸುಖಾಂತ ಇನ್ನೊಂದಿಲ್ಲ. ಸಂಸ್ಥೆ ಕಟ್ಟಿದ ಸುಳ್ಳು ಮದುವೆ ನಿಜವಾಗಿದೆ; ಕೊನೆಯ ಸೀಸನ್ನಿನಲ್ಲಿ ಹೆಂಡತಿಯ ಮೇಲೆಯೇ ಬೇಹು ನಡೆಸಲು ಒಪ್ಪಿದ್ದ ಗಂಡನನ್ನು ಹೆಂಡತಿ ಮನ್ನಿಸಿದ್ದಾಳೆ; ಇಬ್ಬರೂ ಬದುಕಿದ್ದಾರೆ, ಒಟ್ಟಿಗಿದ್ದಾರೆ, ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದಾರೆ. ಹಾಗಿದ್ದೂ ಅದು ದುರಂತವೆನಿಸಿದ್ದು ಮಕ್ಕಳ ದೆಸೆಯಿಂದ, ಎಂದರೆ ಆ ದಾಂಪತ್ಯಕ್ಕೆ ಹೊರಗಾದವರ ದೆಸೆಯಿಂದ. ಐದು ವರ್ಷ ಹಿಡಿದಿದ್ದ ಸೂತ್ರವನ್ನು ವಿಮರ್ಶಕರ ಎದೆಯೇ ಆ ರಾತ್ರಿ ಕೈಬಿಟ್ಟಿತ್ತು. ಬರಹ ಅದನ್ನು ಒಪ್ಪಿಕೊಳ್ಳಲಿಲ್ಲ.

ಹೆನ್ರಿ ಎಲ್ಲಿ ಎಂಬುದು ನೋಡುಗರ ನಡುವೆ ಬಹುಕಾಲದ ನಗೆಮಾತಾಗಿತ್ತು. ಅಪ್ಪ-ಅಮ್ಮ ಲೋಕ ಉಳಿಸುತ್ತಿರುವಾಗ ಅವನು ಯಾವುದೋ ಕೋಣೆಯಲ್ಲಿ ವಿಡಿಯೋ ಗೇಮ್ ಆಡುತ್ತಿರುತ್ತಾನೆ ಎಂದು. ನಿಜ ಜೀವನದ ಹೆನ್ರಿಗಳ ಲೆಕ್ಕ ಮಾತ್ರ ನ್ಯಾಯಾಲಯಕ್ಕೆ ಹೋಯಿತು. 2010ರಲ್ಲಿ ಸಿಕ್ಕಿಬಿದ್ದವರಲ್ಲಿ ಒಂದು ದಂಪತಿ ಮೊದಲು ಕೆನಡಾದಲ್ಲಿ, ಆಮೇಲೆ ಅಮೆರಿಕದ ಕೇಂಬ್ರಿಜ್‌ನಲ್ಲಿ ಸುಳ್ಳು ಹೆಸರಿನಲ್ಲಿ ಬಾಳಿದ್ದರು. ಇಬ್ಬರು ಗಂಡುಮಕ್ಕಳೂ ಟೊರಾಂಟೊದಲ್ಲಿ ಹುಟ್ಟಿದವರು. ಜುಲೈನಲ್ಲಿ ವಿಯೆನ್ನಾದ ವಿಮಾನ ನಿಲ್ದಾಣದಲ್ಲಿ ಚಾರರ ವಿನಿಮಯವಾಗಿ ತಂದೆತಾಯಿ ಮಾಸ್ಕೋಗೆ ಹೋದರು. ತಮಗೆ ಏನೂ ತಿಳಿದಿರಲಿಲ್ಲ ಎಂದ ಮಕ್ಕಳಲ್ಲಿ ಕಿರಿಯವನ ಪೌರತ್ವವನ್ನು ಕೆನಡಾ 2014ರಲ್ಲಿ ರದ್ದು ಮಾಡಿತು. ವಿದೇಶಿ ಸರ್ಕಾರದ ಪ್ರತಿನಿಧಿ ಅಥವಾ ನೌಕರರ ಮಕ್ಕಳಿಗೆ ಹುಟ್ಟಿನಿಂದ ಬರುವ ಪೌರತ್ವ ಅನ್ವಯಿಸುವುದಿಲ್ಲ ಎಂಬ ಕಾನೂನಿನ ಆಧಾರದ ಮೇಲೆ. ವವಿಲೋವ್ ಪ್ರಕರಣ ಎಂದು ಹೆಸರಾದ ಈ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಆಡಳಿತಾತ್ಮಕ ತೀರ್ಮಾನಗಳನ್ನು ನ್ಯಾಯಾಲಯ ಪರಿಶೀಲಿಸಬೇಕಾದ ಬಗೆಯನ್ನೇ ಆ ದೇಶದಲ್ಲಿ ಹೊಸದಾಗಿ ನಿರೂಪಿಸಿತು. ಧಾರಾವಾಹಿ ಮುಗಿದ ಮರುವರ್ಷ, 2019ರ ಡಿಸೆಂಬರ್ 19ರಂದು, ಕೋರ್ಟು ಆ ವಿನಾಯಿತಿ ರಾಜತಾಂತ್ರಿಕ ರಕ್ಷಣೆ ಉಳ್ಳವರ ಮಕ್ಕಳಿಗೆ ಮಾತ್ರ ಸಲ್ಲತಕ್ಕದ್ದು, ಅಂಥ ಯಾವ ರಕ್ಷಣೆಯೂ ಇಲ್ಲದ ಗುಪ್ತ ಚಾರರ ಮಗನಿಗೆ ಸಲ್ಲದು, ಅವನು ಕೆನಡಾದ ಪ್ರಜೆ ಎಂದು ತೀರ್ಪಿತ್ತಿತು.